ಬೊರ್ರಾ ಗುಹೆಗೆ ಗೈಡ್ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನು ಓದಿ

ವಿಶಾಖಪಟ್ಟಣದಿಂದ ಬೊರ್ರಾ ಗುಹೆ, ಅರಕು ಕಣಿವೆ ಕಡೆಗೆ ಒಂದು ದಿನದ ಟ್ರಿಪ್ ಹೋಗಬೇಕು ಅಂತ ಇರುವವರು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು, ದುಡ್ಡು ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿ. ಗೈಡ್ ಗುಹೆ ಒಳಗೆ ನಮ್ಮ ಜೊತೆ ಬರ್ತಾರಾ? ನಾವು ಇದನ್ನು ಕೇಳಲಿಲ್ಲ. "ಪ್ರೈವೇಟ್ ಗೈಡೆಡ್ ಟೂರ್, ಗುಹೆ ಮತ್ತು ಗಿರಿಜನರ ಹಳ್ಳಿ, ದೊಡ್ಡ ಕಾರು, ತಿಂಡಿ ಊಟ ಸೇರಿ" ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ನಾಲ್ಕು ಜನಕ್ಕೆ 8,500 ರೂಪಾಯಿ ಕಟ್ಟಿದೆವು. ಬೆಳಗ್ಗೆ ಬಂದಿದ್ದು ಒಂದು ಸಣ್ಣ ಕಾರು, ಒಬ್ಬ ಡ್ರೈವರ್. ಗೈಡ್ ಎಲ್ಲಿ ಅಂದರೆ "ನಾನೇ ಸಾರ್" ಅಂದರು. ಗುಹೆಯ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ, "ನೋಡಿಕೊಂಡು ಒಂದು ಗಂಟೆಯಲ್ಲಿ ಬನ್ನಿ" ಅಂತ ಹೇಳಿ ಸೀಟು ಹಿಂದಕ್ಕೆ ಹಾಕಿಕೊಂಡು ಮಲಗಿಬಿಟ್ಟರು.

ಆ ಡ್ರೈವರ್ ಮೇಲೆ ನನಗೆ ಕೋಪ ಇಲ್ಲ. ಹಿಂದಿನ ರಾತ್ರಿ ಹನ್ನೆರಡಕ್ಕೆ ಇನ್ನೊಂದು ಟ್ರಿಪ್ ಮುಗಿಸಿ ಬಂದಿದ್ದರಂತೆ. ಬೆಳಗ್ಗೆ ಐದೂಮುಕ್ಕಾಲಿಗೆ ನಮ್ಮ ಹೋಟೆಲ್ ಮುಂದೆ ನಿಂತಿದ್ದರು. ನಾವು ಕೊಟ್ಟ ದುಡ್ಡಿನಲ್ಲಿ ಅವರ ಕೈಗೆ ಎಷ್ಟು ಸೇರುತ್ತೆ ಅಂತ ದಾರಿಯಲ್ಲಿ ಹೇಳಿದರು, ಕೇಳಿ ಬೇಜಾರಾಯ್ತು. ತಪ್ಪೆಲ್ಲ ಮಧ್ಯೆ ಕೂತು ಫೋನಿನಲ್ಲೇ ಟ್ರಿಪ್ ಮಾರುವವರದು.

ನಾವು ಹೋಗಿದ್ದು ನಾನು, ನನ್ನ ಹೆಂಡತಿ, ಆರನೇ ಕ್ಲಾಸಿನ ಮಗಳು, ಮತ್ತೆ 67 ವರ್ಷದ ಅಮ್ಮ. ಬೆಂಗಳೂರಿಂದ ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ವಿಶಾಖದ ಬೀಚು, ಸಬ್‌ಮರೀನ್ ಮ್ಯೂಸಿಯಂ ಬಗ್ಗೆ ಬರೆಯಲ್ಲ, ಅದೆಲ್ಲ ಎಲ್ಲ ಕಡೆ ಸಿಗುತ್ತೆ. ಒಂದು ಮಾತ್ರ ಹೇಳ್ತೀನಿ. ಹಿಂದಿನ ದಿನ ಸಂಜೆ ವಿಶಾಖದ ಹತ್ತಿರದ ಭೀಮಿಲಿಗೆ ಹೋಗಿ ಗೋಸ್ತನಿ ನದಿ ಸಮುದ್ರ ಸೇರೋ ಜಾಗ ನೋಡಿದ್ದೆವು. ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ದೊಡ್ಡ ತಪ್ಪು ನಮ್ಮದೇ ಒಂದಿದೆ. ಕಾರ್ತೀಕ ಮಾಸದ ಭಾನುವಾರ ಹೊರಟೆವು. ಕಾರ್ತೀಕದಲ್ಲಿ ಆಂಧ್ರದವರು ವನಭೋಜನ ಅಂತ ಮನೆಮಂದಿಯೆಲ್ಲ ಬಸ್ಸು, ವ್ಯಾನು ಮಾಡಿಕೊಂಡು ಕಾಡಿಗೆ, ತೋಟಕ್ಕೆ ಊಟಕ್ಕೆ ಹೋಗ್ತಾರೆ. ಆ ಕಡೆಯವರಿಗೆ ಅರಕು ಘಾಟಿ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ನನಗೆ ಜನಜಂಗುಳಿ ಆಗಲ್ಲ, ಹಾರ್ನ್ ಕೇಳಿದರೆ ತಲೆ ನೋಯುತ್ತೆ. ಹಾಗಾಗಿ ನಾನು ಹೇಳೋದನ್ನು ಸ್ವಲ್ಪ ಆ ಲೆಕ್ಕದಲ್ಲೇ ತಗೊಳ್ಳಿ. ಆದರೆ ಘಾಟಿಯಲ್ಲಿ ಒಂದೇ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದು ಯಾರಿಗೂ ಇಷ್ಟ ಆಗೋ ವಿಷಯ ಅಲ್ಲ. ಕಾರ್ತೀಕದಲ್ಲಿ ಹೋಗೋದಾದರೆ ಮಂಗಳವಾರ, ಬುಧವಾರ ಹೋಗಿ.

ಘಾಟಿಗೆ ಮುಂಚೆ ಶೃಂಗವರಪುಕೋಟ ಅಂತ ಊರು ಬರುತ್ತೆ. ಎಸ್. ಕೋಟ ಅಂದರೇನೇ ಎಲ್ಲರಿಗೂ ಗೊತ್ತು. ಅಲ್ಲಿಗೆ ಬರೋ ಹೊತ್ತಿಗೆ ಎಡಗಡೆ ಹಿಂದಿನ ಟೈರು ಪಂಕ್ಚರ್. ಇಳಿದು ನೋಡಿದರೆ ನಾಲ್ಕೂ ಟೈರು ಸವೆದು ನುಣ್ಣಗಾಗಿದ್ದವು. ಈ ಟೈರಲ್ಲಿ ಘಾಟಿ ಹತ್ತಿಸ್ತಿದ್ರಲ್ಲ ಅಂತ ಹೆಂಡತಿ ಟ್ರಿಪ್ ಮಾರಿದವರಿಗೆ ಫೋನ್ ಮಾಡಿ ಜಗಳ ಆಡಿದಳು. ಆ ಕಡೆಯಿಂದ "ಏನೂ ಆಗಲ್ಲ ಮೇಡಂ" ಅಂತ ಉತ್ತರ. ನೀವು ಕಾರು ಹತ್ತುವ ಮುಂಚೆ ದಯವಿಟ್ಟು ಟೈರು ನೋಡಿ, ಸ್ಟೆಪ್ನಿನೂ ನೋಡಿ. ನಾಚಿಕೊಳ್ಳಬೇಡಿ.

ಆದರೆ ಪಂಕ್ಚರ್ ಆಗಿದ್ದಕ್ಕೇ ನಮಗೆ ಒಳ್ಳೆ ತಿಂಡಿ ಸಿಕ್ಕಿತು. ಪ್ಯಾಕೇಜ್‌ನ ತಿಂಡಿ ಯಾವುದೋ ದೊಡ್ಡ ಹೋಟೆಲಿನಲ್ಲಿ ಇತ್ತು. ಅಲ್ಲಿಗೆ ಹೋಗಲಾಗಲಿಲ್ಲ. ಪಂಕ್ಚರ್ ಅಂಗಡಿ ಪಕ್ಕದಲ್ಲೇ ತಗಡಿನ ಶೀಟು ಹಾಕಿದ ಒಂದು ಟಿಫನ್ ಅಂಗಡಿ. ಬೋರ್ಡಿಲ್ಲ, ಎರಡು ಬೆಂಚು, ಒಂದು ಕಾವಲಿ. ಗಂಡ ಹೆಂಡತಿ ಇಬ್ಬರೇ. ಪೆಸರಟ್ಟು ಮಾಡ್ತಿದ್ದರು. ಹೆಸರುಕಾಳನ್ನು ಸಿಪ್ಪೆ ಸಮೇತ ನೆನೆಸಿ, ಹಸಿಮೆಣಸಿನಕಾಯಿ, ಶುಂಠಿ ಹಾಕಿ ರುಬ್ಬಿದ ಹಿಟ್ಟು. ನಮ್ಮ ದೋಸೆ ಹಾಗೆ ಹುಳಿ ಬರಿಸಲ್ಲ, ರುಬ್ಬಿದ ತಕ್ಷಣ ಹುಯ್ಯೋದು. ಆಕೆ ಸೌಟಿನ ಹಿಂಭಾಗದಿಂದ ಒಂದೇ ಸುತ್ತಿಗೆ ಹರಡಿ, ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಜೀರಿಗೆ ಉದುರಿಸಿ ಅಂಗೈಯಿಂದ ಹಗುರಾಗಿ ಒತ್ತುತ್ತಿದ್ದರು. ಅಂಚು ಗರಿಗರಿಯಾಗಿ ಕಾವಲಿ ಬಿಟ್ಟು ತಾನಾಗೇ ಮೇಲೆದ್ದ ಮೇಲೆ ನಡುವೆ ಒಂದು ಸೌಟು ಉಪ್ಪಿಟ್ಟು ಇಟ್ಟು ಮಡಿಸಿ ಕೊಡೋದು. ಜೊತೆಗೆ ಅಲ್ಲಂ ಪಚ್ಚಡಿ, ಅಂದರೆ ಶುಂಠಿ ಚಟ್ನಿ. ಹುಣಸೆಹಣ್ಣು, ಬೆಲ್ಲ ಬಿದ್ದು ಖಾರ, ಹುಳಿ, ಸಿಹಿ ಮೂರೂ ನಾಲಿಗೆ ಮೇಲೆ ನಿಲ್ಲುತ್ತೆ. ಪ್ಲೇಟಿಗೆ 40 ರೂಪಾಯಿ. ಅಮ್ಮ ಹೊರಗಡೆ ತಿಂಡಿ ಅಂದರೆ ಎರಡು ಇಡ್ಲಿಗೆ ನಿಲ್ಲಿಸುವವರು, ಎರಡು ಪೆಸರಟ್ಟು ತಿಂದರು. ನಾವು ನಾಲ್ಕೂ ಜನ, ಡ್ರೈವರ್ ಸೇರಿ ಐದು ಜನ ಹೊಟ್ಟೆ ತುಂಬಾ ತಿಂದು ಟೀ ಕುಡಿದರೂ 400 ರೂಪಾಯಿ ದಾಟಲಿಲ್ಲ. ಘಾಟಿ ಮೇಲೆ ಹೋದಮೇಲೆ ಟೂರಿಸ್ಟ್ ರೇಟು ಶುರು. ಎಸ್. ಕೋಟದಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ, ನೀರಿನ ಬಾಟಲಿನೂ ಅಲ್ಲೇ ತಗೊಳ್ಳಿ.

ಗುಹೆ ಹತ್ತಿರ ಬಂದಾಗ ಹನ್ನೊಂದು ಗಂಟೆ. ಟಿಕೆಟ್ ಕ್ಯೂ ಉದ್ದ ಇತ್ತು. ಕೋತಿಗಳಿವೆ, ಕೈಯಲ್ಲಿ ತಿನ್ನೋ ಕವರ್ ಇಟ್ಟುಕೊಂಡರೆ ಕಿತ್ತುಕೊಳ್ಳುತ್ತವೆ. ಗೇಟಿನ ಹತ್ತಿರ ಬೊರ್ರಾ ಊರಿನವನೇ ಒಬ್ಬ ಹುಡುಗ ಗೈಡ್ ಬೇಕಾ ಅಂತ ಕೇಳಿದ. 300 ರೂಪಾಯಿ. ನನ್ನ ಹೆಂಡತಿ ಪಾವಗಡದವಳು, ತೆಲುಗು ಚೆನ್ನಾಗಿ ಬರುತ್ತೆ, ಮಾತಾಡಿ ಒಪ್ಪಿಕೊಂಡಳು. ಇಡೀ ಟ್ರಿಪ್‌ನಲ್ಲಿ ನಾವು ಖರ್ಚು ಮಾಡಿದ ಅತ್ಯಂತ ಒಳ್ಳೆಯ ದುಡ್ಡು ಈ 300 ರೂಪಾಯಿ. 8,500 ರೂಪಾಯಿ ಪ್ಯಾಕೇಜ್‌ನಲ್ಲಿ ಸಿಗದೇ ಇದ್ದಿದ್ದು ಇವನ ಹತ್ತಿರ ಸಿಕ್ಕಿತು.

ಆಂಧ್ರದ್ದೇ ಇನ್ನೊಂದು ಗುಹೆ ಬೇಲಂ ನೋಡಿದವರು ಇದೂ ಹಾಗೇ ಇರಬಹುದು ಅಂದುಕೊಳ್ಳಬೇಡಿ. ಬೇಲಂ ಉದ್ದ, ಮೂರು ಕಿಲೋಮೀಟರಿಗೂ ಜಾಸ್ತಿ, ಕೆಲವು ಕಡೆ ಬಗ್ಗಿ ತೂರಬೇಕು. ಬೊರ್ರಾ ಎತ್ತರ ಮತ್ತು ಆಳ. ಗುಹೆಯ ಬಾಯಿಯೇ ಅಷ್ಟು ದೊಡ್ಡದಿದೆ, ಒಳಗೆ ಕಾಲಿಟ್ಟ ತಕ್ಷಣ ಕತ್ತೆತ್ತಿ ನಿಂತುಬಿಡ್ತೀವಿ. ಇಕ್ಕಟ್ಟಾದ ಜಾಗ ಕಂಡರೆ ಭಯ ಇರುವವರಿಗೆ ಬೊರ್ರಾನೇ ವಾಸಿ. ಆದರೆ ಮೆಟ್ಟಿಲು ತುಂಬಾ ಇವೆ, ಒದ್ದೆ ಇರುತ್ತೆ, ಸೆಕೆಯೂ ಇದೆ, ಬಾವಲಿ ವಾಸನೆಯೂ ಇದೆ. ಅಮ್ಮನಿಗೆ ಮಂಡಿ ನೋವು. ಮೊದಲ ದೊಡ್ಡ ಹಜಾರದ ತನಕ ಬಂದು ಅಲ್ಲೇ ಕೂತರು. ಅಲ್ಲಿಗೇ ಬೊರ್ರಾದ ಮುಕ್ಕಾಲು ಪಾಲು ಸೊಗಸು ಕಾಣುತ್ತೆ. ಶಿವಲಿಂಗ ಇರೋ ಜಾಗಕ್ಕೆ ಕಡಿದಾದ ಮೆಟ್ಟಿಲು ಹತ್ತಬೇಕು, ಮಂಡಿ ನೋವಿರುವವರು ಬಿಡಿ. ಚಪ್ಪಲಿ ಬೇಡ, ಜಾರದ ಶೂ ಹಾಕಿ.

ಹುಡುಗ ಸುಮ್ನೆ "ಇದು ಅಣಬೆ, ಇದು ಋಷಿ ಗಡ್ಡ, ಇದು ಶಿವ ಪಾರ್ವತಿ" ಅಂತ ಟಾರ್ಚ್ ಬಿಟ್ಟು ಮುಂದೆ ಹೋಗಲಿಲ್ಲ. ಅದನ್ನೂ ತೋರಿಸಿದ. ಆಮೇಲೆ ಮಗಳನ್ನು ಒಂದು ಕಲ್ಲಿನ ಹತ್ತಿರ ನಿಲ್ಲಿಸಿ, ಮೇಲಿಂದ ಇಳಿಬಿದ್ದ ತುದಿಗೆ ಟಾರ್ಚ್ ಹಿಡಿದ. ತುದಿಯಲ್ಲಿ ಒಂದು ಹನಿ. ಬೀಳಲ್ಲ, ಬೀಳಲ್ಲ, ಆಮೇಲೆ ಟಪ್ ಅಂತ ಕೆಳಗಿನ ಗುಬುಟಿನ ಮೇಲೆ ಬಿತ್ತು. ಮಳೆ ನೀರು ಮಣ್ಣಿನಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತೆ, ಪ್ರತಿ ಹನಿನೂ ಮೇಲೆ ಒಂದು ಚೂರು, ಕೆಳಗೆ ಒಂದು ಚೂರು ಸುಣ್ಣ ಬಿಟ್ಟು ಹೋಗುತ್ತೆ, ಹೀಗೇ ಸಾವಿರಾರು ವರ್ಷ ಸೇರಿ ಕಂಬ ಆಗುತ್ತೆ ಅಂತ ಅವಳಿಗೆ ಅರ್ಥ ಆಗೋ ಹಾಗೆ ಹೇಳಿದ. ಕೈ ಎಣ್ಣೆ ತಾಗಿದರೆ ಕಲ್ಲು ಬೆಳೆಯೋದು ನಿಲ್ಲುತ್ತೆ, ಮುಟ್ಟಬೇಡ ಅಂದ. ಪಕ್ಕದಲ್ಲೇ ಒಂದು ಕಂಬ ಎದೆ ಎತ್ತರದ ತನಕ ಕಪ್ಪಗೆ ಹೊಳೆಯುತ್ತಿತ್ತು. ಅಷ್ಟು ಜನ ಮುಟ್ಟಿ ಮುಟ್ಟಿ ಹಾಗಾಗಿದೆ. ದಯವಿಟ್ಟು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಒಂದು ಕಡೆ ನಿಲ್ಲಿಸಿ ಕಿವಿ ಕೊಡಿ ಅಂದ. ಕೆಳಗೆಲ್ಲೋ ನೀರು ಹರಿಯೋ ಸದ್ದು. ಅದೇ ಗೋಸ್ತನಿ! ನಿನ್ನೆ ಭೀಮಿಲಿಯಲ್ಲಿ ಸಮುದ್ರ ಸೇರೋದನ್ನು ನೋಡಿದ್ದೆವಲ್ಲ, ಅದೇ ನದಿ. ದಾರಿಯಲ್ಲಿ ತಾಟಿಪೂಡಿ ಅಣೆಕಟ್ಟಿನಲ್ಲಿ ನಿಂತು ವಿಶಾಖದವರಿಗೆ ಕುಡಿಯೋ ನೀರಾಗುತ್ತೆ. ಮೇಯಲು ಬಂದ ಹಸು ಮೇಲಿನ ತೂತಿನಿಂದ ಒಳಗೆ ಬಿತ್ತು, ಹುಡುಕಿಕೊಂಡು ಬಂದ ದನಗಾಹಿಗೆ ಲಿಂಗ ಕಂಡಿತು, ಅದಕ್ಕೇ ನದಿಗೆ ಗೋಸ್ತನಿ, ಅಂದರೆ ಹಸುವಿನ ಕೆಚ್ಚಲು, ಅಂತ ಹೆಸರು ಅನ್ನೋ ಕಥೆನೂ ಹೇಳಿದ. ನಮ್ಮ ತಲೆ ಮೇಲೇ ಛತ್ತೀಸ್‌ಗಢದ ಕಿರಂದುಲ್‌ಗೆ ಹೋಗೋ ರೈಲು ಮಾರ್ಗ ಹಾದು ಹೋಗಿದೆ ಅಂತ ಹೇಳಿದಾಗ ಮಗಳು ನಂಬಲೇ ಇಲ್ಲ. ಅಲ್ಲಿನ ಬೈಲಾಡಿಲ ಬೆಟ್ಟಗಳ ಕಬ್ಬಿಣದ ಅದಿರು ಬಂದರಿಗೆ ತರೋಕೆ ಹಾಕಿದ ಮಾರ್ಗ ಅದು.

ನನಗೆ ಮನಸ್ಸಿನಲ್ಲಿ ಉಳಿದಿದ್ದು ಅವನು ಹೊರಗೆ ಬಂದಮೇಲೆ ಹೇಳಿದ್ದು. ಈ ಬೆಟ್ಟಗಳಲ್ಲಿ ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜದ ಗಣಿ ಮಾಡೋಕೆ ಹೊರಗಿನ ಕಂಪನಿಗಳಿಗೆ ಲೀಸ್ ಕೊಟ್ಟಿದ್ದರು. ಊರಿನವರು ಹೋರಾಡಿದರು, ಸಮತಾ ಅನ್ನೋ ಸಂಸ್ಥೆ ಕೇಸು ನಡೆಸಿತು. 1997ರಲ್ಲಿ ಸುಪ್ರೀಂ ಕೋರ್ಟು ಗಿರಿಜನ ಪ್ರದೇಶದ ಭೂಮಿಯನ್ನು ಗಣಿಗಾಗಿ ಖಾಸಗಿ ಕಂಪನಿಗಳಿಗೆ ಲೀಸ್ ಕೊಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಸಮತಾ ತೀರ್ಪು ಅಂತ ಕಾನೂನು ಓದಿದವರಿಗೆ ಗೊತ್ತಿರುತ್ತೆ. ಆ ಕೇಸಿನ ಬೆಟ್ಟ ಇದೇ. ಇಷ್ಟು ದೊಡ್ಡ ವಿಷಯವನ್ನು ಅವನು ಕಡಲೆಕಾಯಿ ತಿನ್ನುತ್ತಾ, ಮನೆ ವಿಷಯ ಹೇಳೋ ಹಾಗೆ ಹೇಳಿದ.

ಅಮ್ಮ ಅವನನ್ನು "ನಿಮ್ಮೂರು ದೂರನಾ ಮಗಾ" ಅಂತ ಕೇಳಿದ್ದೇ ನೆಪವಾಯ್ತು. ಅಕ್ಕನ ಊರು ಹತ್ತಿರ, ಬನ್ನಿ ಅಂದ. ಡ್ರೈವರ್ ಅದು ಪ್ಯಾಕೇಜ್‌ನಲ್ಲಿ ಇಲ್ಲ ಅಂದರು. ಕಟಿಕಿ ಜಲಪಾತಕ್ಕೆ ಜೀಪ್ ಮಾಡಿಕೊಳ್ಳಿ ಅಂತ ಬಲವಂತ ಮಾಡಿದರು. ಜೀಪಿನವರು 1,500 ಕೇಳಿದರು. ಆಗಷ್ಟೇ ಇಳಿದು ಬಂದ ಹೈದರಾಬಾದಿನವರು ಸೊಂಟ ಹಿಡಿದುಕೊಂಡಿದ್ದರು. ನಾವು ಬಿಟ್ಟೆವು. ವಯಸ್ಸಾದವರಿದ್ದರೆ ನೀವೂ ಬಿಡಿ.

ಊರಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಇಪ್ಪತ್ತು ಇಪ್ಪತ್ತೈದು ಮನೆ ಇರಬಹುದು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಅಕ್ಕ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. ಮೊರದಲ್ಲಿ ಏನಿತ್ತು ಅಂತ ಅಮ್ಮ ಬಗ್ಗಿ ನೋಡಿದರು. ರಾಗಿ! ಅವರು ಅದಕ್ಕೆ ಚೋಡಿ ಅಂತಾರೆ. ಅಮ್ಮನಿಗೆ ತೆಲುಗು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಇಬ್ಬರೂ ಒಂದು ಹಿಡಿ ರಾಗಿ ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ ಉಜ್ಜಿ ಊದಿ ನೋಡುತ್ತಾ ಅರ್ಧ ಗಂಟೆ ಮಾತಾಡಿದರು. ಸೋರೆಬುರುಡೆಯಿಂದ ಬಗ್ಗಿಸಿ ಅಂಬಲಿ ಕೊಟ್ಟರು. ಹುಳಿ ಬಂದ ತಣ್ಣನೆ ಅಂಬಲಿ, ನಂಜಿಕೊಳ್ಳೋಕೆ ಹಸಿ ಈರುಳ್ಳಿ. ಅವತ್ತಿನ ಮಧ್ಯಾಹ್ನದ ಊಟ ನಮಗೆ ಅದೇ ಆಯ್ತು. ದುಡ್ಡು ಬೇಡ ಅಂದರು. ಎರಡು ಕೆ.ಜಿ. ರಾಗಿ ಹಿಟ್ಟು ಕೊಂಡುಕೊಂಡೆವು, ಹುಡುಗನಿಗೆ ಇನ್ನೊಂದು 500 ಕೊಟ್ಟೆವು. ಇಂಥ ಊರಿಗೆ ಹೋಗೋದಾದರೆ ಊರಿನವರು ಕರೆದರೆ ಮಾತ್ರ ಹೋಗಿ, ಫೋಟೋ ತೆಗೆಯುವ ಮುಂಚೆ ಕೇಳಿ.

ಪ್ಯಾಕೇಜ್‌ನ "ಗಿರಿಜನರ ಹಳ್ಳಿ" ನೋಡಿದ್ದು ನಾಲ್ಕು ಗಂಟೆಗೆ, ಅರಕು ಹತ್ತಿರ. ರಸ್ತೆ ಪಕ್ಕ ಬೇಲಿ ಹಾಕಿ ಕಟ್ಟಿದ ನಾಲ್ಕು ಗುಡಿಸಲು. ಸೀರೆ ಬಾಡಿಗೆಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಅಲ್ಲಿ ಯಾರ ಮನೆಯೂ ಇಲ್ಲ. ಹತ್ತು ನಿಮಿಷಕ್ಕೆ ಹೊರಗೆ ಬಂದೆವು. ಅದರ ಪಕ್ಕದ ಅಂಗಡಿಯಲ್ಲಿ ಕಾಫಿಪುಡಿ ತಗೊಳ್ಳಿ ಅಂತ ಡ್ರೈವರ್ ಒತ್ತಾಯ ಮಾಡಿದರು. ಅರಕು ಕಾಫಿ ಒಳ್ಳೆಯದೇ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಜೊತೆಗೇ ಇದಕ್ಕೂ ಜಿಐ ಟ್ಯಾಗ್, ಅಂದರೆ ಆ ಜಾಗದ್ದೇ ವಿಶೇಷ ಅನ್ನೋ ಸರ್ಕಾರದ ಗುರುತು, ಸಿಕ್ಕಿತು. ಆದರೆ ಸರ್ಕಾರದ ಗಿರಿಜನ ಸಹಕಾರಿ ಅಂಗಡಿಯಲ್ಲೇ ತಗೊಳ್ಳಿ, ಜೇನುತುಪ್ಪನೂ ಸಿಗುತ್ತೆ.

ಅರಕು ದಾರಿಯಲ್ಲಿ ಹೊಲಗಳೆಲ್ಲ ಹಳದಿ. ಜನ 20 ರೂಪಾಯಿ ಕೊಟ್ಟು ಒಳಗೆ ಹೋಗಿ ಸೆಲ್ಫಿ ತಗೊಳ್ತಾರೆ. ಅಮ್ಮ ಕಾರು ನಿಲ್ಲಿಸು ಅಂತ ಇಳಿದು ಒಂದು ಹೂವು ಹಿಡಿದು ನೋಡಿ, "ಇದು ಹುಚ್ಚೆಳ್ಳು ಕಣೋ, ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಹಾಕ್ತಿದ್ವಲ್ಲ" ಅಂದರು. ಹೌದು, ಅದೇ. ನಮ್ಮ ಉತ್ತರ ಕರ್ನಾಟಕದವರ ಗುರೆಳ್ಳು. ಹೊಲದವರಿಗೆ ಆ 20 ರೂಪಾಯಿ ಸಂತೋಷವಾಗಿ ಕೊಡಿ, ಗಿಡ ತುಳಿಯಬೇಡಿ.

ಐದೂವರೆಗೆ ಕತ್ತಲಾಗಿಬಿಡುತ್ತೆ ಆ ಕಡೆ. ಘಾಟಿ ಇಳಿಯುವಾಗ ಮಂಜು, ಸವೆದ ಟೈರು, ನಿದ್ದೆಗೆಟ್ಟ ಡ್ರೈವರ್. ಎರಡು ಸಲ ನಿಲ್ಲಿಸಿ ಅವರಿಗೆ ಟೀ ಕುಡಿಸಿದೆವು. ವಿಶಾಖ ಸೇರಿದ್ದು ರಾತ್ರಿ ಒಂಬತ್ತೂವರೆಗೆ. ನಾಲ್ಕು ಗಂಟೆ ಒಳಗೆ ಇಳಿಯೋಕೆ ಶುರು ಮಾಡಿ. ಇನ್ನೊಂದು ಸಲ ಹೋದರೆ ನಾನಂತೂ ಬೆಳಗ್ಗೆ ಏಳಕ್ಕೆ ಮುಂಚೆ ವಿಶಾಖದಿಂದ ಹೊರಡುವ ಕಿರಂದುಲ್ ರೈಲಿನಲ್ಲಿ ಹೋಗ್ತೀನಿ. ಬೊರ್ರಾ ಗುಹಲು ಅಂತ ಸ್ಟೇಷನ್ನೇ ಇದೆ. ಕಾರನ್ನು ಅಲ್ಲಿಗೇ ಬರೋಕೆ ಹೇಳಿ, ಬೊರ್ರಾ ಒಂದನ್ನೇ ನೋಡಿ ವಾಪಸ್. ಅರಕು ನೋಡಲೇಬೇಕು ಅಂದರೆ ಒಂದು ರಾತ್ರಿ ಉಳಿಯಿರಿ.

ಬೆಂಗಳೂರಿಗೆ ಬಂದಮೇಲೆ ಟ್ರಿಪ್ ಮಾರಿದವರಿಗೆ ಅವರದೇ ಮೆಸೇಜ್ ವಾಪಸ್ ಕಳಿಸಿದೆ. ಗೈಡ್ ಸೇರಿ, ದೊಡ್ಡ ಕಾರು, ತಿಂಡಿ ಊಟ ಸೇರಿ ಅಂತ ಬರೆದಿದ್ದ ಸಾಲಿಗೆ ಕೆಂಪು ಗೆರೆ ಹಾಕಿ, ಟೈರಿನ ಫೋಟೋ ಜೊತೆಗೆ. ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ 2,000 ರೂಪಾಯಿ ವಾಪಸ್ ಬಂತು. ಹಾಗಾಗಿ ಫೋನಿನಲ್ಲಿ ಮಾತಾಡಿ ಮುಗಿಸಬೇಡಿ, ಎಲ್ಲ ಮೆಸೇಜ್‌ನಲ್ಲೇ ಬರೆಸಿಕೊಳ್ಳಿ.