ಫೋನಿಗೆ ಮೊದಲೇ ಗೊತ್ತಿತ್ತಂತೆ

"ಚಿಕ್ಕಮ್ಮ, ನನಗಿಂತ ಮೊದಲು ನನ್ನ ಫೋನಿಗೆ ಗೊತ್ತಾಗಿತ್ತು" ಅಂದಳು ಅಕ್ಕನ ಮಗಳು. ಹದಿನೆಂಟು ವರ್ಷ. ತನಗೆ ಹುಡುಗಿಯರೂ ಇಷ್ಟವಾಗುತ್ತಾರೇನೋ ಅನ್ನೋ ಗೊಂದಲದಲ್ಲಿದ್ದಳು. ಇಬ್ಬರು ಹುಡುಗಿಯರ ಪ್ರೀತಿಯ ಬಗ್ಗೆ ಇದ್ದ ಒಂದು ವಿಡಿಯೋವನ್ನು ಎರಡು ಸಲ ನೋಡಿದ್ದಾಳೆ, ಅಷ್ಟೇ, ವಾರದೊಳಗೆ ಫೀಡ್ ಪೂರ್ತಿ ಅದೇ. (ಇದನ್ನೆಲ್ಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ತಮಾಷೆಗೆ ಹೇಳಿದರೂ ಅದು ಸುಳ್ಳಲ್ಲ. 2013ರಲ್ಲಿ ಸಂಶೋಧಕರು 58,000ಕ್ಕೂ ಹೆಚ್ಚು ಜನರ ಫೇಸ್‌ಬುಕ್ ಲೈಕ್‌ಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದರು. ಒಬ್ಬ ಗೇ, ಇನ್ನೊಬ್ಬ ಅಲ್ಲ ಅನ್ನೋ ಇಬ್ಬರು ಗಂಡಸರಲ್ಲಿ ಗೇ ಯಾರು ಅಂತ ಅದು 100ಕ್ಕೆ 88 ಸಲ ಸರಿಯಾಗಿ ಹೇಳಿತು. ಗೇ ಆಗಿದ್ದವರಲ್ಲೂ ನೇರವಾಗಿ ಗೇ ಪುಟಗಳನ್ನು ಲೈಕ್ ಮಾಡಿದವರು ತೀರಾ ಕಡಿಮೆ. ಬರೀ ಹಾಡು, ಟಿವಿ ಶೋಗಳಂಥ ಲೈಕ್‌ಗಳೇ ಸಾಕಾದವು!

ಇದರಲ್ಲಿ ಒಳ್ಳೆಯದೂ ಇದೆ, ಜಾಸ್ತಿಯೇ ಇದೆ. ವಿವಿಯನ್ ಕ್ಯಾಸ್ ಅನ್ನೋ ಮನಶ್ಶಾಸ್ತ್ರಜ್ಞೆ 1979ರಲ್ಲಿ, ತಾನು ಗೇ ಅಥವಾ ಲೆಸ್ಬಿಯನ್ ಅಂತ ಅರಿತು ಒಪ್ಪಿಕೊಳ್ಳೋ ದಾರಿಯನ್ನು 6 ಹಂತಗಳಾಗಿ ಬಿಡಿಸಿದ್ದರು. ಮೊದಲನೆಯದು ಗೊಂದಲ, ಆಮೇಲೆ 'ನಾನು ಮಿಕ್ಕವರ ಹಾಗಿಲ್ವಾ' ಅನ್ನೋ ಒಂಟಿತನ. ಆ ಎರಡನೇ ಹಂತದಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡವರನ್ನು ನನ್ನ ವಯಸ್ಸಿನವರಲ್ಲಿ ನೋಡಿದ್ದೇನೆ. ಇವಳಿಗೆ ತನ್ನಂಥವರು ಒಂದೇ ರಾತ್ರಿಯಲ್ಲಿ ಸಿಕ್ಕರು.

ನನಗೆ ಕಿರಿಕಿರಿ ಆಗೋದು ಆ ಆತುರ. ಪ್ರಶ್ನೆ ಇನ್ನೂ ಬಾಯಲ್ಲಿದೆ, ಅಷ್ಟರಲ್ಲಿ ಆಪ್ ಉತ್ತರ ಕೊಟ್ಟು, ಅದನ್ನೇ ದಿನಕ್ಕೆ ನೂರು ಸಲ ತೋರಿಸುತ್ತೆ. ಲೀಸಾ ಡೈಮಂಡ್ ಅನ್ನೋ ಸಂಶೋಧಕಿ ಸುಮಾರು 80 ಯುವತಿಯರನ್ನು 10 ವರ್ಷಗಳ ಕಾಲ ಆಗಾಗ ಮಾತಾಡಿಸಿದರು. ಲೆಸ್ಬಿಯನ್, ಬೈಸೆಕ್ಷುಯಲ್ (ಗಂಡು, ಹೆಣ್ಣು ಇಬ್ಬರೂ ಇಷ್ಟವಾಗುವವರು), ಯಾವ ಹೆಸರೂ ಬೇಡ ಅಂತ ಶುರುಮಾಡಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಒಮ್ಮೆಯಾದರೂ ಆ ಹೆಸರು ಬದಲಿಸಿದ್ದರು. ಹಾಗಂತ ಮೊದಲು ಹೇಳಿದ್ದು ಸುಳ್ಳು, 'ವಯಸ್ಸಿನ ಹುಚ್ಚು' ಅಂತಲ್ಲ, ದಯವಿಟ್ಟು ಅದನ್ನು ಹೇಳಬೇಡಿ. ಆದರೆ ಮನಸ್ಸು ಬದಲಾದರೆ ಮನಸ್ಸಿನ ಜೊತೆ ಮಾತ್ರ ಲೆಕ್ಕ ಚುಕ್ತಾ ಮಾಡಬೇಕಿದ್ದ ಹುಡುಗಿ, ಈಗ ಫಾಲೋವರ್‌ಗಳಿಗೂ ಉತ್ತರ ಕೊಡಬೇಕು.

ಇನ್ನು ಸ್ಕ್ರೀನ್‌ಶಾಟ್ ಭಯ ಬೇರೆ. ಅವಳದು ಎರಡು ಅಕೌಂಟ್. ಒಂದು ನೆಂಟರಿಗೆ, ಇನ್ನೊಂದರಲ್ಲಿ ಹದಿನಾಲ್ಕೇ ಜನ. ಆ ಹದಿನಾಲ್ಕರಲ್ಲಿ ಒಬ್ಬರಿಗೆ ಸಿಟ್ಟು ಬಂದರೂ ಸಾಕು, ಮನೆಯಲ್ಲಿ ತಾನಾಗಿ ಹೇಳೋ ಅವಕಾಶವೇ ಅವಳ ಕೈತಪ್ಪುತ್ತೆ.

"ನಾನು ಏನು ಅಂತ ನಿಮಗೆ ಅನ್ಸುತ್ತೆ?" ಅಂತ ಕೇಳಿದಳು. ನನಗೇನು ಗೊತ್ತು, ನಿಧಾನಕ್ಕೆ ನೀನೇ ಹೇಳು, ನಾನೆಲ್ಲೂ ಹೋಗಲ್ಲ ಅಂದೆ. ಮೊನ್ನೆ ನೋಡಿದರೆ, ಪ್ರೊಫೈಲಿನ ಬಯೋದಲ್ಲಿ ತಾನು ಏನು ಅಂತ ಹಾಕಿಕೊಂಡಿದ್ದ ಪದ ತೆಗೆದು ಬೆಕ್ಕಿನ ಇಮೋಜಿ ಹಾಕಿಕೊಂಡಿದ್ದಾಳೆ.