ಹಲಗೆಯ ಅಂಚಿನ ಚುಕ್ಕೆಗಳು

"ಹೊಸ ದೋಣಿ ಕಟ್ಟುತ್ತಿರುವ ಆಚಾರಿಗಳು, ಕರಾವಳಿ, ಸುಮಾರು 1950."

ಒಂದು ಹಳೆ ಫೋಟೋಗೆ ನಾನು ಬರೆದ ಅಡಿಬರಹ ಇದು. ದೋಣಿ ಹೊಸದಲ್ಲ. ಕೆಲಸ ಮಾಡುತ್ತಿದ್ದವರು ಆಚಾರಿಗಳಲ್ಲ. ಇಸವಿಯೂ ಸರಿ ಇರಲಿಲ್ಲ. ಇನ್ನು "ಕರಾವಳಿ" ಅಂತ ಬರೆದರೆ ಅದು ಯಾವ ಊರು? ಇಷ್ಟೆಲ್ಲ ತಪ್ಪಿದ್ದ ಸಾಲು ಎರಡು ವರ್ಷ ಹಾಗೇ ಇತ್ತು. ಯಾರೂ ಕೇಳಲಿಲ್ಲ, ನನಗೂ ಅನುಮಾನ ಬರಲಿಲ್ಲ.

ಹಳೆ ಫೋಟೋ, ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ, ವಿವರ ಬರೆದು, ಹುಡುಕಿದವರಿಗೆ ಸಿಗುವ ಹಾಗೆ ಜೋಡಿಸಿಡುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನಾನು ಅರಸೀಕೆರೆ ಕಡೆಯವಳು. ತೆಂಗಿನ ತೋಟ ನೋಡಿಕೊಂಡು ಬೆಳೆದವಳು, ಸಮುದ್ರ ನೋಡಿದ್ದು ಶಾಲೆಯ ಪ್ರವಾಸದಲ್ಲಿ. ಮಂಗಳೂರಿನಿಂದ ಕಾರವಾರದವರೆಗಿನ ದೋಣಿಗಳ ಫೋಟೋಗಳು ನನ್ನ ಮೇಜಿಗೆ ಬಂದಾಗ ದೋಣಿಯ ಯಾವ ಭಾಗಕ್ಕೆ ಏನನ್ನುತ್ತಾರೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಮನೆಗಳವರು ಕೊಟ್ಟ ಆಲ್ಬಮ್‌ಗಳು, ಮುಚ್ಚಿಹೋದ ಸ್ಟುಡಿಯೋಗಳ ನೆಗೆಟಿವ್ ಡಬ್ಬಿಗಳು, ಒಂದಿಷ್ಟು ಗಾಜಿನ ಪ್ಲೇಟುಗಳು, ಪೋಸ್ಟ್‌ಕಾರ್ಡುಗಳು. ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಕರಾವಳಿಯ ತೇವ ಫೋಟೋಗಳನ್ನು ತಿನ್ನುವ ಹಾಗೆ ಬೇರೇನೂ ತಿನ್ನುವುದಿಲ್ಲ.

ಆ ಫೋಟೋದಲ್ಲಿ ಮರಳಿನ ಮೇಲೆ ದೊಡ್ಡ ದೋಣಿಯೊಂದು ಇದೆ. ಒಂದು ಬದಿಯ ಮೇಲಿನ ಹಲಗೆಗಳು ಬಿಚ್ಚಿಕೊಂಡಿವೆ. ಐದಾರು ಜನ ಬಗ್ಗಿ ಏನೋ ಎಳೆಯುತ್ತಿದ್ದಾರೆ. ಮೂಲೆಯಲ್ಲಿ ಬಲೆ ರಾಶಿ ಬಿದ್ದಿದೆ. ಪ್ರಿಂಟು ಕಂದು ಬಣ್ಣಕ್ಕೆ ತಿರುಗಿತ್ತು. ಕಂದಾಗಿದೆ ಅಂದರೆ ತುಂಬ ಹಳೆಯದು ಅಂದುಕೊಂಡೆ. ಹಲಗೆ ಬಿಚ್ಚಿದೆ ಅಂದರೆ ಇನ್ನೂ ಕಟ್ಟಿ ಮುಗಿದಿಲ್ಲ ಅಂದುಕೊಂಡೆ. ಮರದ ಕೆಲಸ ಅಂದರೆ ಆಚಾರಿಗಳದ್ದು, ಅಲ್ವಾ? ಹೀಗೆ ಮೇಜಿನ ಮುಂದೆ ಕೂತು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ದಿನಕ್ಕೆ ನಲವತ್ತು ಫೋಟೋ ಮುಗಿಸಬೇಕು ಅನ್ನುವ ಲೆಕ್ಕ ಆಗ ನಮಗಿತ್ತು.

ಎರಡು ವರ್ಷ ಆದಮೇಲೆ ಬೇರೆ ಕೆಲಸದ ಮೇಲೆ ಕುಂದಾಪುರದ ಹತ್ತಿರದ ಗಂಗೊಳ್ಳಿಗೆ ಹೋಗಬೇಕಾಯಿತು. ಹೋಗುವಾಗ ಕೆಲವು ಫೋಟೋಗಳನ್ನು ಎ3 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅದಕ್ಕೂ ಮುಂಚೆ ಫೋನಿನಲ್ಲಿ ತೋರಿಸುತ್ತಿದ್ದೆ. ವಯಸ್ಸಾದವರು ಸುಮ್ನೆ ತಲೆಯಾಡಿಸಿ "ಹೌದು ಹೌದು" ಅನ್ನುತ್ತಿದ್ದರು. ಅವರಿಗೆ ಕಾಣುತ್ತಲೇ ಇರಲಿಲ್ಲ ಅಂತ ನನಗೆ ಹೊಳೆದಿರಲಿಲ್ಲ.

ಸಂಜೆ ಹೊತ್ತು. ಮನೆಯ ಜಗಲಿಯಲ್ಲಿ ಒಬ್ಬ ಅಜ್ಜ ಕೂತಿದ್ದರು. ಚಿಕ್ಕಂದಿನಿಂದ ರಂಪಣಿಯಲ್ಲಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆಯ ಮೀನುಗಾರಿಕೆಯಲ್ಲಿ, ದುಡಿದವರು. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಅಡಿಬರಹ ಓದಿ ಹೇಳಿದೆ.

"ಹೊಸ ದೋಣಿ ಅಲ್ಲ ಮಾರಾಯ್ತಿ ಇದ್," ಅಂದರು. "ಹಳೇದ್ ಬಿಚ್ಚಿ ಹೊಲೂದ್. ತೂತ್ ಕಾಣ್."

ಅವರ ಬೆರಳು ಹಲಗೆಯ ಅಂಚಿನ ಮೇಲೆ ಹೋಯಿತು. ಅಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳಿದ್ದವು. ನಾನು ಅವನ್ನು ಫೋಟೋದ ಕಲೆ ಅಂದುಕೊಂಡಿದ್ದೆ. ಅವು ಬೈರಿಗೆಯಿಂದ ಕೊರೆದ ತೂತುಗಳು. ಪ್ರತಿ ತೂತಿನ ಸುತ್ತ ಮರ ಕಪ್ಪಾಗಿತ್ತು.

"ಎಣ್ಣಿ ಕುಡ್ದ್ ಕಪ್ಪ್ ಆಯಿತ್ತ್. ಹೊಸ ಮರ ಆರೆ ಬೆಳ್ಳಗೆ ಇರ್ತಿತ್ತ್."

ಅಷ್ಟೇ. ಎರಡು ವರ್ಷ ಸ್ಕ್ರೀನಿನ ಮೇಲೆ ನಾನು ನೋಡಿಯೂ ನೋಡದೆ ಇದ್ದದ್ದನ್ನು ಅವರು ಒಂದು ನಿಮಿಷದಲ್ಲಿ ಹೇಳಿದರು.

ರಂಪಣಿ ದೋಣಿಯನ್ನು ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ. ಹಲಗೆಗೆ ಹಲಗೆ ಸೇರಿಸಿ, ಸಂದಿಯ ಮೇಲೆ ತೆಂಗಿನ ನಾರು ಇಟ್ಟು, ಕತ್ತದ ಹುರಿಯಿಂದ ಬಿಗಿಯಾಗಿ ಹೊಲಿಯುತ್ತಿದ್ದರು. ಮೇಲೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದರು. ತೆರೆ ಬಡಿದಾಗ ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ದಡದಿಂದಲೇ ತೆರೆ ದಾಟಿ ಹೋಗಿ, ಮತ್ತೆ ಮರಳಿನ ಮೇಲೇ ಬಂದು ನಿಲ್ಲಬೇಕಾದ ದೋಣಿಗೆ ಇದೇ ಸರಿ. ಆದರೆ ಹುರಿ ಸವೆಯುತ್ತದೆ. ಸವೆದಾಗ ಬಿಚ್ಚಿ ಮತ್ತೆ ಹೊಲಿಯಬೇಕು. ಹಲಗೆ ಕೊಯ್ದು ಕೂರಿಸುವುದು ಆಚಾರಿಯ ಕೆಲಸ, ಆದರೆ ಈ ಫೋಟೋದಲ್ಲಿ ಹುರಿ ಎಳೆಯುತ್ತಿದ್ದವರು ರಂಪಣಿಯ ಜನರೇ. ಅವರು ನಿಂತ ರೀತಿ, ಕಾಲು ಕೊಟ್ಟು ಎಳೆಯುವ ರೀತಿ ನೋಡಿಯೇ ಅಜ್ಜ ಅದನ್ನು ಗುರುತಿಸಿದರು.

ಆಮೇಲೆ ಮೂಲೆಯ ಬಲೆ ತೋರಿಸಿದರು. ಹತ್ತಿ ನೂಲಿನ ಬಲೆ ಬೇಗ ಕೊಳೆಯುತ್ತದೆ. ಅದಕ್ಕೆ ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಹಾಗಾಗಿ ಕಪ್ಪಗೆ ಕಾಣುತ್ತದೆ. ಸಮುದ್ರದಿಂದ ತಂದ ಮೇಲೆ ಮರಳಿನ ಮೇಲೆ ಹರಡಿ ಒಣಗಿಸಲೇಬೇಕು, ರಾಶಿ ಹಾಕಿ ಬಿಡುವ ಹಾಗಿಲ್ಲ. ಫೋಟೋದ ಬಲೆ ಬೆಳ್ಳಗಿತ್ತು, ಹೊಳೆಯುತ್ತಿತ್ತು, ಸುಮ್ನೆ ಗುಡ್ಡೆ ಹಾಕಿದ್ದರು. ಅಂದರೆ ನೈಲಾನ್. ಅಂದರೆ 1950 ಅಲ್ಲ.

ವಾಪಸ್ ಬಂದು ಡಬ್ಬಿಯಿಂದ ಆ ನೆಗೆಟಿವ್ ತೆಗೆದು ನೋಡಿದೆ. ಚೌಕಾಕಾರದ್ದು, 120 ಫಿಲ್ಮಿನದ್ದು. ಅರವತ್ತು ಎಪ್ಪತ್ತರ ದಶಕದಲ್ಲಿ ಮನೆಮನೆಗೆ ಬಂದ ಆಗ್ಫಾ ಕ್ಲಿಕ್ ತರಹದ ಕ್ಯಾಮೆರಾಗಳಲ್ಲಿ ಇದೇ ಅಳತೆ ಬರುತ್ತಿತ್ತು. ಪ್ರಿಂಟು ಕಂದಾಗಿದ್ದು ವಯಸ್ಸಿನಿಂದಲ್ಲ. ತೊಳೆಯುವಾಗ ಹೈಪೋ (ಚಿತ್ರವನ್ನು ಕಾಗದದ ಮೇಲೆ ಗಟ್ಟಿ ನಿಲ್ಲಿಸುವ ರಾಸಾಯನಿಕ) ಪೂರ್ತಿ ಹೋಗದಿದ್ದರೆ ಹತ್ತೇ ವರ್ಷದಲ್ಲೂ ಹಾಗಾಗುತ್ತದೆ. ಇದು ನನ್ನ ಕೆಲಸದ ಮೊದಲ ಪಾಠ. ನನಗೆ ಗೊತ್ತಿತ್ತು. ಆದರೂ ಕಣ್ಣಿಗೆ ಹಳೆಯದಾಗಿ ಕಂಡದ್ದನ್ನೇ ನಂಬಿ ಇಸವಿ ಬರೆದಿದ್ದೆ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಈ ವಿಷಯದಲ್ಲಿ ಇಸವಿ ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. ರಂಪಣಿ ಅಂದರೆ ಬರೀ ಬಲೆಯಲ್ಲ. ಒಂದು ಕಿಲೋಮೀಟರಿಗೂ ಉದ್ದದ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು, ಎರಡೂ ತುದಿಯನ್ನು ದಡದಿಂದ ಎಳೆಯಬೇಕು. 60ರಿಂದ 100 ಜನ ಬೇಕು. ಬಂಗುಡೆ, ಬೈಗೆ ಸಿಕ್ಕರೆ ಎಲ್ಲರಿಗೂ ಪಾಲು. ಊರಿಗೆ ಊರೇ ಒಂದು ಹಗ್ಗ ಹಿಡಿದು ನಿಲ್ಲುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡದ ಹತ್ತಿರ ಬರುವ ಮುಂಚೆಯೇ ಆಳದಲ್ಲೇ ಸುತ್ತುಗಟ್ಟಿ ಹಿಡಿಯತೊಡಗಿದರು. ಕೆಲವೇ ವರ್ಷದಲ್ಲಿ ದೊಡ್ಡ ರಂಪಣಿಗಳು ಒಂದೊಂದಾಗಿ ನಿಂತವು. ಈಗ ಅಲ್ಲಲ್ಲಿ ಕೈರಂಪಣಿ ಕಾಣಿಸುತ್ತದೆ, ಅದು ಚಿಕ್ಕದು. ಹಾಗಾಗಿ ನಮ್ಮ ಫೋಟೋ 1950ರದ್ದಾದರೆ ಅದು ರಂಪಣಿಯ ತುಂಬು ಕಾಲದ ಚಿತ್ರ. ಅರವತ್ತರ ಕೊನೆಯದ್ದಾದರೆ ಅದರಲ್ಲಿರುವ ಜನ ಕಟ್ಟಕಡೆಯ ಕೆಲವು ಸಲ ಆ ದೋಣಿಯನ್ನು ಹೊಲಿಯುತ್ತಿದ್ದಾರೆ. ಎರಡೂ ಒಂದೇ ಅಲ್ಲ.

ಊರಿನ ಹೆಸರಿನ ಕಥೆ ಬೇರೆ. 1956ರ ನವೆಂಬರ್ 1ರವರೆಗೆ ನಮ್ಮ ಕರಾವಳಿ ಒಂದೇ ರಾಜ್ಯದಲ್ಲಿ ಇರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿಗೆ, ಉತ್ತರ ಕನ್ನಡ ಬೊಂಬಾಯಿಗೆ. ಸರ್ಕಾರಿ ಫೋಟೋಗಳೂ ವರದಿಗಳೂ ಹಾಗೇ ಎರಡು ಪಾಲಾಗಿವೆ. ಇಂಗ್ಲಿಷಿನಲ್ಲಿ ಮದ್ರಾಸಿನವರು 'ಕೆನರಾ' ಅನ್ನುವುದನ್ನು 'ಸಿ' ಅಕ್ಷರದಿಂದ ಬರೆದರು, ಬೊಂಬಾಯಿಯವರು 'ಕೆ' ಅಕ್ಷರದಿಂದ. ಒಂದನ್ನು ಮಾತ್ರ ಹಾಕಿ ಹುಡುಕಿದರೆ ಅರ್ಧ ಕರಾವಳಿ ಸಿಗುವುದೇ ಇಲ್ಲ. ಇದರ ಜೊತೆಗೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಗಂಗೊಳ್ಳಿಯ ಮೊಮ್ಮಗನೊಬ್ಬ ಅಜ್ಜನ ಕಾಲದ ದೋಣಿ ನೋಡಬೇಕು ಅಂದರೆ ಚೆನ್ನೈ, ಮುಂಬೈ, ಬಾಸೆಲ್ ಮೂರೂ ಕಡೆ ಹುಡುಕಬೇಕು. ಅದಕ್ಕೇ ಈಗ ಪ್ರತಿ ಫೋಟೋಗೆ ಊರಿನ ಹೆಸರನ್ನು ಇವತ್ತು ಬರೆಯುವ ಹಾಗೆ ಮತ್ತು ಆ ಕಾಲದ ಕಾಗದಗಳಲ್ಲಿ ಇದ್ದ ಹಾಗೆ, ಎರಡನ್ನೂ ಬರೆಯುತ್ತೇನೆ.

ಗಂಗೊಳ್ಳಿಯಿಂದ ಬಂದಮೇಲೆ ಎಲ್ಲ ದೋಣಿ ಫೋಟೋಗಳನ್ನೂ ಮತ್ತೆ ಹೊರಗೆ ತೆಗೆದೆ. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ಬಗ್ಗೆ ಬರೆದದ್ದನ್ನು ಓದಿದೆ. ಮರದ ದಿಮ್ಮಿ ಕೊರೆದು ಮಾಡಿದ್ದು ಯಾವುದು, ಹಲಗೆ ಹೊಲಿದದ್ದು ಯಾವುದು ಅಂತ ಕಣ್ಣು ಸ್ವಲ್ಪ ಪಳಗಿತು. ಆದರೆ ಓದಿದ್ದಕ್ಕೂ ಒಂದು ಮಿತಿ ಇದೆ ಅಂತ ಕಾರವಾರದಲ್ಲಿ ತಿಳಿಯಿತು.

ಅಲ್ಲಿಗೆ ಒಂದು ಗಾಜಿನ ಪ್ಲೇಟಿನ ಪ್ರಿಂಟು ಒಯ್ದಿದ್ದೆ. ಸಣ್ಣ ದೋಣಿ, ಪಕ್ಕಕ್ಕೆ ಎರಡು ಬಾಗಿದ ಗಳಗಳು, ಅವುಗಳ ತುದಿಗೆ ನೀರಿನ ಮೇಲೆ ತೇಲುವ ಒಂದು ಮರ. ದೋಣಿ ಮಗುಚದ ಹಾಗೆ ಕಟ್ಟುವುದು. ಅದಕ್ಕೆ ಉಲಾಂಡಿ ಅನ್ನುತ್ತಾರೆ. ಅಲ್ಲಿನ ಹಿರಿಯರೊಬ್ಬರು ಹಾಳೆಯನ್ನು ಒಮ್ಮೆ ನೋಡಿದರು, ತಿರುಗಿಸಿ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರು.

"ತಂಗೀ, ಇದು ಉಲ್ಟಾ ಅದೆ."

ಅವರ ಕಡೆ ಉಲಾಂಡಿಯನ್ನು ಎಡಗಡೆಗೆ ಕಟ್ಟುತ್ತಾರಂತೆ. ಬಲಗಡೆ ಬಲೆ ಬಿಡಲು, ಎಳೆಯಲು ಖಾಲಿ ಇರಬೇಕು. ನನ್ನ ಪ್ರಿಂಟಿನಲ್ಲಿ ಅದು ಬಲಗಡೆ ಇತ್ತು. ಗಾಜಿನ ಪ್ಲೇಟಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಚಿತ್ರ ಇರುವುದು ಮಂಕು ಮೈಯಲ್ಲಿ. ಸ್ಕ್ಯಾನ್ ಮಾಡುವಾಗ ಅದನ್ನು ತಿರುವುಮುರುವು ಇಟ್ಟಿದ್ದೆ. ಜನ ಅಂಗಿ ಹಾಕಿದ್ದರೆ ಜೇಬು ಯಾವ ಕಡೆ ಇದೆ ಅಂತ ನೋಡಿಯಾದರೂ ಹಿಡಿಯುತ್ತಿದ್ದೆ. ಅವರೆಲ್ಲ ಬರಿಮೈಯಲ್ಲಿದ್ದರು. ವಾಪಸ್ ಬಂದು ಅದೇ ಡಬ್ಬಿಯ 41 ಪ್ಲೇಟುಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಇನ್ನೂ ಆರು ಉಲ್ಟಾ ಇದ್ದವು.

ಇದಾದ ಮೇಲೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆವು. ದಿನಕ್ಕೆ ನಲವತ್ತು ಅನ್ನುವ ಲೆಕ್ಕ ಹೋಯಿತು. ದೋಣಿಯ ಫೋಟೋವನ್ನು ಜಾಸ್ತಿ ವಿವರ ಬರುವ ಹಾಗೆ, 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತೇವೆ. ತೂತು, ಗಂಟು, ಬಾಚಿಯ ಗುರುತು ಕಾಣಬೇಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡುತ್ತೇವೆ, ಬರೀ ಎಣ್ಣೆಯ ಕಲೆ ಇದ್ದರೂ ಸರಿ. ಹೊರಗೆ ಒಯ್ದಾಗ ಮೊದಲು ಅಡಿಬರಹ ಓದಿ ಹೇಳುವುದಿಲ್ಲ. ಓದಿ ಹೇಳಿದರೆ ಎಷ್ಟೋ ಜನ ನಮ್ಮ ಮರ್ಯಾದೆಗೆ ಹೌದು ಅಂದುಬಿಡುತ್ತಾರೆ. ಗಂಗೊಳ್ಳಿಯ ಅಜ್ಜ ಹಾಗೆ ಅನ್ನಲಿಲ್ಲ, ಅದು ನನ್ನ ಪುಣ್ಯ. "ಇವರು ಯಾರು?" ಅಂತಲೂ ಮೊದಲು ಕೇಳುವುದಿಲ್ಲ. "ದೋಣಿ ಎಂಥದ್ದು?" ಅಂತ ಕೇಳುತ್ತೇವೆ. ದೋಣಿಯಿಂದ ಶುರುವಾದ ಮಾತು ತಾನಾಗಿಯೇ ಜನರ ಕಡೆಗೆ ಬರುತ್ತದೆ. ಮುಖ ಮರೆತವರೂ ಮೂರನೇ ಹಲಗೆಗೆ ಹಾಕಿದ್ದ ತೇಪೆಯನ್ನು ನೆನಪಿಟ್ಟಿರುತ್ತಾರೆ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಹಡಗು ನೌಕಾಪಡೆಗೆ ಸೇರಿದ ಸುದ್ದಿ ಬಂತು. ಗೋವಾದಲ್ಲಿ, ಕೇರಳದ ಕುಶಲಕರ್ಮಿಗಳು ಕತ್ತದ ಹುರಿಯಿಂದ ಹಲಗೆ ಹೊಲಿದು ಕಟ್ಟಿದ ಹಡಗು. ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿರಲಿಲ್ಲ. ಅಜಂತಾದ ಗೋಡೆಯ ಮೇಲಿದ್ದ ಐದನೇ ಶತಮಾನದ ಒಂದು ಚಿತ್ರ ನೋಡಿಕೊಂಡೇ ಹೊರಟರು. ಸುದ್ದಿ ಓದುತ್ತಾ ನನಗೆ ನಮ್ಮ ಡಬ್ಬಿಗಳೇ ಕಣ್ಣ ಮುಂದೆ ಬಂದವು. ರಂಪಣಿ ದೋಣಿಗೂ ಕಾಗದದ ನಕ್ಷೆ ಇರಲಿಲ್ಲ. ಅಳತೆ ಎಲ್ಲ ಕೈಯಲ್ಲಿ, ಕಣ್ಣಲ್ಲಿ. ಈಗ ದಡದಲ್ಲಿ ಕಾಣುವುದು ಹೆಚ್ಚಾಗಿ ಫೈಬರ್ ದೋಣಿ. ಮುಂದೆ ಯಾರಾದರೂ ಒಂದು ಹೊಲಿದ ದೋಣಿ ಕಟ್ಟಲು ಹೊರಟರೆ ಅವರ ಕೈಯಲ್ಲಿ ಇರುವುದು ಈ ಫೋಟೋಗಳು ಮತ್ತು ಅದರ ಕೆಳಗೆ ನಾವು ಬರೆದ ಸಾಲುಗಳು. ಆ ಸಾಲು ತಪ್ಪಿದ್ದರೆ?

ಆ ಫೋಟೋದ ಅಡಿಬರಹ ಈಗ ಹೀಗಿದೆ: "ರಂಪಣಿ ದೋಣಿಯ ಹಳೆ ಹುರಿ ಬಿಚ್ಚಿ ಮತ್ತೆ ಹೊಲಿಯುತ್ತಿರುವ ರಂಪಣಿಯವರು. ಗಂಗೊಳ್ಳಿ. ನೈಲಾನ್ ಬಲೆ ಬಂದ ಮೇಲಿನದ್ದು, 1960ರ ದಶಕ ಇರಬಹುದು. ವಿವರ ಹೇಳಿದವರು ಅದೇ ಊರಿನ ಹಿರಿಯರು." ಅವರ ಹೆಸರು ಹಾಕಬಹುದೇ ಅಂತ ಕೇಳಿದೆ. ಬೇಡ ಅಂದರು, ಹಾಕಲಿಲ್ಲ.

ಒಂದು ವಿಷಯ ಮಾತ್ರ ಉಳಿದಿತ್ತು. ಎರಡು ಹಲಗೆಯ ನಡುವೆ ಹುರಿ ಹೇಗೆ ದಾಟಿ ಹೋಗುತ್ತದೆ, ಕೊನೆಗೆ ಗಂಟು ಎಲ್ಲಿ ಬೀಳುತ್ತದೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಅಜ್ಜನನ್ನು ಕೇಳಿದರೆ, "ಬಾಯಲ್ ಹೇಳೂಕ್ ಆತಿಲ್ಲ. ಮುಂದಿನ್ ಸಲ ಬಪ್ಪತಿಗೆ ಕತ್ತದ್ ಹುರಿ ತಕಂಡ್ ಬಾ. ಇಲ್ಲ್ ನೈಲಾನೇ ಸಿಕ್ಕೂದ್" ಅಂದರು.

ಅರಸೀಕೆರೆಯಿಂದ ಅರ್ಧ ಕಿಲೋ ಹುರಿ ಒಯ್ದೆ. ಅಜ್ಜ ಅದನ್ನು ಬೆರಳಲ್ಲಿ ತಿರುವಿ ನೋಡಿದರು, ಮೂಸಿದರು. ಇದು ಒಣ ಸಿಪ್ಪೆಯ ನಾರು, ಉಪ್ಪುನೀರಿನಲ್ಲಿ ಕೊಳೆ ಹಾಕಿ ತೆಗೆದದ್ದಲ್ಲ, ದೋಣಿಗೆ ಆಗುವುದಿಲ್ಲ ಅಂದರು. ಕಟ್ಟುವುದು ಹೇಗೆ ಅಂತ ತೋರಿಸಲು ಸಾಕು. ಮೊಮ್ಮಗ ಎರಡು ಹಲಗೆ ತುಂಡಿಗೆ ತೂತು ಕೊರೆದು ಕೊಟ್ಟ. ಅಜ್ಜ ಒಂದು ಹಲಗೆಯನ್ನು ಪಾದದಡಿ ಒತ್ತಿ ಹಿಡಿದು ಹೊಲಿಯಲು ಶುರು ಮಾಡಿದರು. ಮೂರನೇ ಹೊಲಿಗೆಗೆ ಬರುವಾಗ ಕೈ ತಾನಾಗಿಯೇ ಓಡುತ್ತಿತ್ತು. ನಾನು ವೀಡಿಯೊ ಮಾಡಿಕೊಂಡೆ. ಹನ್ನೊಂದು ನಿಮಿಷದ್ದು. ಈಗ ಅದೂ ಆ ಫೋಟೋದ ಜೊತೆಗೇ ಇದೆ.