ಒಂದೇ ಬೆರಳಿನ ಪಾಠ

ಬೇಸ್ ಗಿಟಾರ್ ಕಲಿಯತೊಡಗಿದ ಮೊದಲ ವರ್ಷ ನನ್ನ ಗಮನವೆಲ್ಲ ಎಡಗೈಯ ಮೇಲೆಯೇ ಇತ್ತು. ಯಾವ ಫ್ರೆಟ್ಟಿನಲ್ಲಿ (ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿಗಳು ಗುರುತಿಸುವ ಮನೆಯಲ್ಲಿ) ಯಾವ ಸ್ವರವಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು, ಪ್ರತಿ ಕಾರ್ಡಿಗೂ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೂ, ಅದರ ಮೂಲಸ್ವರವನ್ನು ನಾಲ್ಕು ಸಲ ಮೀಟಿದರೆ ಬೇಸ್ ವಾದಕನ ಕೆಲಸ ಮುಗಿಯಿತೆಂದು ತಿಳಿದಿದ್ದೆ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ವಾದನವನ್ನು ಗಾಯನದಿಂದಲೂ ಉಳಿದ ವಾದ್ಯಗಳಿಂದಲೂ ಬೇರ್ಪಡಿಸಿ ಕೇಳಿದ ದಿನ ಆ ತಿಳಿವಳಿಕೆ ಬುಡಮೇಲಾಯಿತು.

1936ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದ ಜೇಮರ್ಸನ್, ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯ ಸ್ಟುಡಿಯೋದಲ್ಲಿ 1960ರ ದಶಕದುದ್ದಕ್ಕೂ ಎಣಿಕೆಗೆ ಸಿಗದಷ್ಟು ಹಾಡುಗಳಿಗೆ ಬೇಸ್ ನುಡಿಸಿದರು. ಕೇಳುಗರಿಗೆ ಅವರ ಹೆಸರು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಆ ಕಾಲದ ಮೋಟೌನ್ ರೆಕಾರ್ಡುಗಳ ಹೊದಿಕೆಯ ಮೇಲೆ ವಾದಕರ ಹೆಸರನ್ನು ಅಚ್ಚು ಹಾಕುತ್ತಿರಲಿಲ್ಲ. ಈ ಅನ್ಯಾಯವನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅವರು ಮೊದಲು ಕಲಿತದ್ದು ನಿಂತು ನುಡಿಸುವ ದೊಡ್ಡ ಡಬಲ್ ಬೇಸನ್ನು. ಅಲ್ಲಿಯ ಅಭ್ಯಾಸವನ್ನೇ ಎಲೆಕ್ಟ್ರಿಕ್ ಬೇಸಿಗೂ ತಂದು, ಬಲಗೈಯ ತೋರುಬೆರಳೊಂದರಿಂದಲೇ ಎಲ್ಲವನ್ನೂ ಮೀಟುತ್ತಿದ್ದರು. ಎರಡು ಬೆರಳುಗಳನ್ನು ಸರದಿಯಂತೆ ಬಳಸುತ್ತಿದ್ದ ನಾನು ಇದನ್ನು ಕೇವಲ ವಿಚಿತ್ರ ಹಠವೆಂದುಕೊಂಡಿದ್ದೆ. ಆದರೆ ಒಂದು ತಿಂಗಳು ಅದೇ ಕ್ರಮಕ್ಕೆ ಕಟ್ಟುಬಿದ್ದು ಅಭ್ಯಾಸ ಮಾಡಿದಾಗ, ಒಂದೇ ಬೆರಳಿನ ಪೆಟ್ಟಿನಿಂದ ಸ್ವರಗಳೆಲ್ಲ ಒಂದೇ ತೂಕದಲ್ಲಿ ಹೊರಡುವುದೂ, ಮೇಲಿನ ತಂತಿಯಿಂದ ಕೆಳಸ್ಥಾಯಿಯ ತಂತಿಗೆ ಇಳಿಯುವಾಗ ಬೆರಳು ಎತ್ತದೆ ಹಾಗೆಯೇ ಎಳೆದರೆ ಎರಡು ಸ್ವರಗಳ ನಡುವೆ ತಾನಾಗಿ ಒಂದು ಜಾರು ಹುಟ್ಟುವುದೂ ಅರಿವಿಗೆ ಬಂದವು.

ಅವರ ನಾದಕ್ಕೆ ವಾದ್ಯವೂ ಕಾರಣವಾಗಿತ್ತು. 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ನುಣುಪಾದ ದಪ್ಪ ತಂತಿಗಳು, ತಂತಿಗಳು ಒರಗಿ ನಿಲ್ಲುವ ಬ್ರಿಡ್ಜಿನ ಮುಚ್ಚಳದಡಿ ಒಂದು ಫೋಮ್ ತುಂಡು. ತಂತಿಗಳನ್ನು ಬದಲಿಸುವ ಗೋಜಿಗೆ ಅವರು ಹೋಗುತ್ತಿರಲಿಲ್ಲವಂತೆ. ನಾನೂ ಬ್ರಿಡ್ಜಿನ ಬಳಿ ತಂತಿಗಳ ಕೆಳಗೆ ಸ್ಪಂಜಿನ ಚೂರೊಂದನ್ನು ತುರುಕಿ ನೋಡಿದೆ. ನಾದ ಬೇಗನೆ ಕುಗ್ಗುವುದರಿಂದ, ತಡವಾಗಿ ಬಿದ್ದ ಪೆಟ್ಟನ್ನು ಹಿಂದಿನ ಸ್ವರದ ಅನುರಣನದಲ್ಲಿ ಮುಚ್ಚಿಡುವ ನನ್ನ ಹಳೆಯ ಉಪಾಯ ಅಂದೇ ಕೈಕೊಟ್ಟಿತು.

1964ರ ‘ಮೈ ಗರ್ಲ್’ ಹಾಡು ಬೆರಳೆಣಿಕೆಯ ಬೇಸ್ ಸ್ವರಗಳಿಂದ ಆರಂಭವಾಗುತ್ತದೆ. ಹತ್ತು ನಿಮಿಷದಲ್ಲಿ ಅದು ಕೈವಶವಾಯಿತೆಂದು ಬೀಗಿ, ನನ್ನ ವಾದನವನ್ನು ಧ್ವನಿಮುದ್ರಿಸಿ ಮೂಲದೊಂದಿಗೆ ಹೋಲಿಸಿದರೆ, ಸ್ವರಗಳು ಸರಿಯಿದ್ದವು, ಅವು ನಿಲ್ಲಬೇಕಾದ ಜಾಗ ತಪ್ಪಿತ್ತು. ಮೌನವನ್ನು ಎಡಗೈ ಬೆರಳು ಸಡಿಲಿಸಿ ಅಳತೆಯಾಗಿ ಕೊಡುವುದಕ್ಕೆ ಎರಡು ವಾರ ಬೇಕಾದವು.

1971ರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿನದು ಬೇರೆಯೇ ಲೋಕ. ಜೇಮರ್ಸನ್ ಅದನ್ನು ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೇ ಅದರ ಮುಂದೆ ಸೋತಿದ್ದೇನೆ. ಅಲ್ಲಿ ಬೇಸ್ ಬೀಟಿನ ಮೇಲೆ ನಿಲ್ಲದೆ ಅದರ ಅಕ್ಕಪಕ್ಕದಲ್ಲಿ ಓಡಾಡುತ್ತದೆ, ಕಾರ್ಡಿಗೆ ಸೇರದ ಸ್ವರವೊಂದನ್ನು ದಾರಿಯಲ್ಲಿ ಸೋಕಿ, ಮುಂದಿನ ಕಾರ್ಡಿನ ಸ್ವರವನ್ನು ಅರ್ಧ ಮೆಟ್ಟಿಲು, ಅಂದರೆ ಒಂದು ಫ್ರೆಟ್ಟಿನಷ್ಟು, ಮೇಲಿನಿಂದಲೋ ಕೆಳಗಿನಿಂದಲೋ ಹಿಡಿಯುತ್ತದೆ. ಆ ಸ್ವರಗಳನ್ನು ಬರೆದಿಟ್ಟುಕೊಂಡು ನುಡಿಸಿದಾಗ ಲೆಕ್ಕ ಸರಿಬಂದರೂ ಹಾಡು ಬರಲಿಲ್ಲ. ಹಾಗಾಗಿ ಈಗ ಸಾಲನ್ನು ಮೊದಲು ಬಾಯಲ್ಲಿ ಹಾಡಿಕೊಂಡು, ಮೆಟ್ರೋನೋಮನ್ನು ನಿಮಿಷಕ್ಕೆ 60 ಪೆಟ್ಟುಗಳಿಗೆ ಇಳಿಸಿ, ಆಮೇಲಷ್ಟೇ ತಂತಿ ಮುಟ್ಟುತ್ತೇನೆ. ಕಷ್ಟದ ಜಾಗ ಬಂದಾಗ ಮಧ್ಯದ ಬೆರಳು ಈಗಲೂ ತಾನಾಗಿ ಮುಂದೆ ಬರುತ್ತದೆ. ಅದನ್ನು ಮಡಚಿ ತಂತಿಗಳ ಕಂಪನವನ್ನು ಹಿಡಿಯುವ ಪಿಕಪ್ಪಿನ ಅಂಚಿಗೆ ಒತ್ತಿ ಹಿಡಿದಿರುತ್ತೇನೆ.